ಹಸಿರು ದಾರದ ಟ್ರಾನ್ಸ್‌ಫಾರ್ಮರ್

ವಾರ್ನಿಶ್ ತೊಟ್ಟಿಯಿಂದ ಏಳನೆಯ ಜಿರಲೆಯನ್ನು ಕಡ್ಡಿಯಲ್ಲಿ ಎತ್ತಿದ ಸುರುಳಿಯಕ್ಕ ಮುಖ ಹಿಂದಕ್ಕೆಳೆದುಕೊಂಡಳು.

ಸತ್ತ ಜಿರಲೆ ಅವಳಿಗೆ ಹೊಸದಲ್ಲ. ವಾರಕ್ಕೊಂದು ದಿನ ಹಳೆಯ ಬನಿಯನ್ ಬಟ್ಟೆಯಲ್ಲಿ ವಾರ್ನಿಶ್ ಸೋಸಿ, ಮೇಲೆ ಕಟ್ಟಿದ ಕೆನೆಯನ್ನು ಕಡ್ಡಿಗೆ ಸುತ್ತಿ ತೆಗೆದು, ಒಳಗೆ ಬಿದ್ದ ಜೀವಗಳನ್ನೆಲ್ಲ ಒಂದು ತಗಡಿನ ಡಬ್ಬಕ್ಕೆ ಹಾಕುವುದು ಅವಳ ಪಾಲಿನ ಕೆಲಸ. ಆದರೆ ಈ ಏಳನೆಯದು ಸತ್ತಿರಲಿಲ್ಲ. ಮೈಯೆಲ್ಲ ಅಂಟಾಗಿ, ಮೀಸೆ ಎರಡನ್ನು ಮಾತ್ರ ಮೇಲೆತ್ತಿ, ಯಾರನ್ನೋ ಕರೆಯುವ ಹಾಗೆ ಮೆಲ್ಲಗೆ ಆಡಿಸುತ್ತಿತ್ತು.

"ಥೂ ನಿನ್ನ! ಸಾಯೋದಾದ್ರೆ ನೆಟ್ಟಗೆ ಸಾಯಿ!"

"ಅಜ್ಜಿ..."

ತಿರುಗಿ ನೋಡಿದರೆ ಬಾಗಿಲಲ್ಲಿ ಮೇಷ್ಟ್ರ ಮಗಳು. ಸುರುಳಿಯಕ್ಕ ನಾಲಿಗೆ ಕಚ್ಚಿಕೊಂಡಳು.

"ನಿನಗಲ್ಲ ಕಣಮ್ಮಾ, ಜಿರಲೆಗೆ ಅಂದಿದ್ದು. ಬಾ ಒಳಗೆ. ಆ ಸ್ಟೂಲ್ ಮೇಲೆ ಕೂರ್ಬೇಡ, ಅಂಟಿದೆ."

ಸಂಗೀತದ ಮೇಷ್ಟ್ರು ತಾವೇ ಕಟ್ಟಿದ ವಾದ್ಯದ ಮೇಲೆ ಕೈ ಇಟ್ಟವರು ಕರೆಂಟು ಹೊಡೆದು ಮತ್ತೆ ಎತ್ತದೆಯೇ ಹೋಗಿ ಅಂದಿಗೆ ಒಂಬತ್ತು ದಿನ. ವಾದ್ಯ ಕಟ್ಟಿದ್ದು ಅಪ್ಪ, ಅದಕ್ಕೆ ಕರೆಂಟಿನ ಪೆಟ್ಟಿಗೆ ಕಟ್ಟಿದ್ದು ಮಗಳು. ಬೀದಿಯಲ್ಲಿ ಅದೇ ಮಾತು. ಎದುರಿಗೆ ಕಂಡರೆ ಅಯ್ಯೋ ಪಾಪ, ಬೆನ್ನು ತಿರುಗಿಸಿದರೆ ಅಪ್ಪನನ್ನು ತಿಂದ ಮಗಳು.

ಹುಡುಗಿ ಕೂರಲಿಲ್ಲ. ಬಟ್ಟೆಯ ಚೀಲವೊಂದನ್ನು ಎದೆಗೆ ಅವುಚಿಕೊಂಡು ನಿಂತಿದ್ದಳು.

"ನೀವು ಇದನ್ನ ಒಂದ್ಸಲ ನೋಡ್ಬೇಕು ಅಜ್ಜಿ."

"ಏನದು?"

"ನಮ್ಮಪ್ಪನ್ನ ಕೊಂದದ್ದು."

ಮೇಜಿನ ಮೇಲೆ ಇಟ್ಟಾಗ ಅದು ಅರ್ಧ ಇಟ್ಟಿಗೆಯಷ್ಟಿತ್ತು. ಕಪ್ಪಗೆ ಮಸಿ ಹಿಡಿದ ಟ್ರಾನ್ಸ್‌ಫಾರ್ಮರ್. ಕೋಣೆಗೆಲ್ಲ ವಾಸನೆ ಹರಡಿತು. ಸುಟ್ಟ ಕೂದಲಿನದೂ ಹೌದು, ಕೆಟ್ಟ ಮೀನಿನದೂ ಹೌದು. ನಲವತ್ತು ವರ್ಷ ತಂತಿ ಸುತ್ತಿ ಸುತ್ತಿ ಸುರುಳಿಯಕ್ಕ ಎಂದೇ ಹೆಸರಾದವಳಿಗೆ ಆ ವಾಸನೆ ಪರಿಚಯದ್ದೇ. ಆದರೂ ಅವಳು ಬಾಯಿಗೆ ಬಟ್ಟೆ ಒತ್ತಿಕೊಂಡಳು. ಇದರಲ್ಲಿ ಬೆಂದದ್ದು ಬರೀ ತಂತಿಯಲ್ಲ.

"ಇದು ನಿನ್ನ ಹತ್ರ ಹೇಗೆ ಉಳೀತು? ಸಾಹೇಬ್ರು ತಗೊಂಡು ಹೋಗ್ಲಿಲ್ವಾ?"

"ಇಲ್ಲ. ಒಂದ್ಸಲ ಮುಟ್ಟಿ, ಕರ್ಚೀಫಲ್ಲಿ ಕೈ ಒರೆಸ್ಕೊಂಡು, 'ಇಂಥದ್ದನ್ನ ಮನೇಲಿ ಇಟ್ಕೋಬಾರದು ಮಗು, ಎಲ್ಲಾದ್ರೂ ದೂರ ಬಿಸಾಕಿಬಿಡು' ಅಂದ್ರು. ಒಳ್ಳೆಯವರು ಅಜ್ಜಿ ಅವರು. ನಮ್ಮಮ್ಮನ ಮುಂದೆ ಕಣ್ಣೀರು ಹಾಕಿದ್ರು."

ಕರೆಂಟಿನ ಅವಘಡಗಳನ್ನು ವಿಚಾರಿಸುವ ಸರ್ಕಾರಿ ಅಧಿಕಾರಿಗೆ ಬೀದಿಯವರು ಇಟ್ಟ ಹೆಸರು ಕರ್ಚೀಫು ಸಾಹೇಬರು. ಏನು ಮುಟ್ಟಿದರೂ ಅತ್ತರು ಹಾಕಿದ ಕರ್ಚೀಫಿನಲ್ಲಿ ಬೆರಳು ಬೆರಳು ಬಿಡಿಸಿ ಒರೆಸಿಕೊಳ್ಳುವ ಮನುಷ್ಯ. ಈ ಅಂಗಡಿಯ ಪರವಾನಗಿಯೂ ಅವರ ಕಚೇರಿಯದೇ. ಗೋಡೆಯ ಮೇಲೆ ಗಾಜಿನ ಚೌಕಟ್ಟಿನಲ್ಲಿ ತೂಗುಹಾಕಿದೆ. ಅದರ ಮೂಲೆಯಲ್ಲಿ ದುಂಡನೆಯ ನೇರಳೆ ಮುದ್ರೆ, ನಡುವೆ ಒಂದು ಮಿಂಚಿನ ಗೆರೆ.

ಹುಡುಗಿ ಮಡಿಸಿದ ಹಾಳೆಯೊಂದನ್ನು ಮುಂದೆ ಚಾಚಿದಳು. "ನಾಲ್ಕು ಗಂಟೆಗೆ ಅವರ ಆಫೀಸಲ್ಲಿ ಇದಕ್ಕೆ ಸಹಿ ಹಾಕ್ಬೇಕಂತೆ. ಹಾಕಿದ್ರೆ ಕೇಸು ಮುಗೀತು."

ಸುರುಳಿಯಕ್ಕ ಭೂತಗನ್ನಡಿ ಹಿಡಿದು ಓದಿದಳು. ಐವತ್ತು ದಾಟಿದ ಮೇಲೆ ರಾತ್ರಿ ಶಾಲೆಯಲ್ಲಿ ಕಲಿತ ಓದು. ಒಂದೊಂದೇ ಅಕ್ಷರ ಮುಟ್ಟಿಕೊಂಡು ಹೋಗಬೇಕು. 'ಹನ್ನೆರಡು ವೋಲ್ಟಿನ ವಾದ್ಯಕ್ಕೆ ಹದಿನೈದು ವೋಲ್ಟಿನ ಟ್ರಾನ್ಸ್‌ಫಾರ್ಮರನ್ನು ನನ್ನ ಅಜ್ಞಾನದಿಂದ ಆರಿಸಿ ಅಳವಡಿಸಿದ್ದೇ ನನ್ನ ತಂದೆಯ ಸಾವಿಗೆ ಕಾರಣವೆಂದು ಒಪ್ಪಿಕೊಳ್ಳುತ್ತೇನೆ.'

"ಹೌದಾ?" ಎಂದಳು.

"ಏನು?"

"ಅಜ್ಞಾನದಿಂದ ಆರಿಸಿದ್ಯಾ?"

"ಗೊತ್ತಿಲ್ಲ ಅಜ್ಜಿ. ಅವರು ದೊಡ್ಡವರು. ಅವರು ಹೇಳಿದ ಮೇಲೆ ಹಾಗೇ ಇರ್ಬೇಕು."

"ದೊಡ್ಡವರ ವಿಷಯ ಬಿಡು. ಹೇಗೆ ಆರಿಸ್ದೆ, ಮೊದಲಿಂದ ಹೇಳು. ಅಪ್ಪ ಪಾಠ ಒಪ್ಪಿಸು ಅಂದ ಹಾಗೆ ಹೇಳು."

ಹುಡುಗಿ ಮೂಗು ಒರೆಸಿಕೊಂಡಳು. ಮಾತು ಮೊದಲು ತಡವರಿಸಿ, ಆಮೇಲೆ ಹಳಿಗೆ ಬಿತ್ತು.

"ಅಪ್ಪನ ವಾದ್ಯ ಒಂದು ಕಪಾಟಿನ ಹಾಗೆ. ಹದಿನಾರು ಸಣ್ಣ ಹಲಗೆ. ಒಂದು ಸ್ವರ ಹುಟ್ಟಿಸುತ್ತೆ, ಒಂದು ಅದನ್ನ ಸೋಸುತ್ತೆ, ಒಂದು ತಾಳ ಇಡುತ್ತೆ. ಎಲ್ಲದರ ಮುಖಕ್ಕೂ ತಗಡು. ಎಲ್ಲಕ್ಕೂ ಒಂದೇ ಕಡೆಯಿಂದ ಕರೆಂಟು. ಪ್ಲಸ್ ಹನ್ನೆರಡು, ಮೈನಸ್ ಹನ್ನೆರಡು, ನಡುವೆ ಸೊನ್ನೆ."

"ಸರಿ. ಹನ್ನೆರಡು ಸೊನ್ನೆ ಹನ್ನೆರಡರ ಟ್ರಾನ್ಸ್‌ಫಾರ್ಮರ್ ಬೀದಿ ಬೀದೀಲಿ ಸಿಗುತ್ತಲ್ಲ. ಅದನ್ನ ಯಾಕೆ ಬಿಟ್ಟೆ?"

"ವೋಲ್ಟು ಏರಿಳಿಯದ ಹಾಗೆ ಹಿಡಿಯೋ ರೆಗ್ಯುಲೇಟರ್ ಹನ್ನೆರಡು ಕೊಡ್ಬೇಕು ಅಂದ್ರೆ ಅದಕ್ಕೆ ಎರಡು ಮೂರು ವೋಲ್ಟ್ ಹೆಚ್ಚಿಗೆ ಉಣ್ಣಿಸ್ಬೇಕು. ಸಂಜೆ ಕರೆಂಟು ಇಳಿದಾಗ ಹನ್ನೆರಡರದ್ದು ಸಾಲೋದಿಲ್ಲ, ಗುಂಯ್ ಅನ್ನೋಕೆ ಶುರು. ಅಪ್ಪನಿಗೆ ಆ ಗುಂಯ್ ಕೇಳಿದ್ರೆ ಹಲ್ಲು ಜುಮ್ ಅಂತಿತ್ತು. ಅದಕ್ಕೆ ಹದಿನೈದು ಸೊನ್ನೆ ಹದಿನೈದು."

"ಹದಿನೆಂಟು ಯಾಕೆ ಬೇಡ?"

"ಹೆಚ್ಚಾದದ್ದೆಲ್ಲ ರೆಗ್ಯುಲೇಟರ್ ಮೈಮೇಲೆ ಬಿಸಿಯಾಗಿ ಕೂರುತ್ತೆ. ಸುಮ್ನೆ ದಂಡ."

"ಆಂಪಿಯರು?"

"ಹದಿನಾರು ಹಲಗೇದೂ ಕೂಡಿಸ್ದೆ. ಒಂದರ ಹತ್ರ ಬಂತು. ಅದರ ಎರಡರಷ್ಟು ತಗೊಂಡೆ. ಹರಿಯೋವಾಗ ಒಂದೇ ಸಮ ಹರಿಯಲ್ಲ, ಎಳೆದೆಳೆದು ಕುಡಿಯುತ್ತೆ ಅಂತ ಅಪ್ಪ ಹೇಳ್ತಿದ್ರು."

ಸುರುಳಿಯಕ್ಕ ಒಂದೊಂದನ್ನೂ ಬೆರಳು ಮಡಚಿ ಎಣಿಸಿಕೊಂಡಳು. ಒಂದು ಕಡೆಯೂ ಎಡವಲಿಲ್ಲ ಈ ಹುಡುಗಿ. ತನ್ನ ಕೈಕೆಳಗೆ ಹತ್ತು ವರ್ಷ ಕೂತು ಕಲಿತವರು ಇಷ್ಟು ನೆಟ್ಟಗೆ ಹೇಳಿರಲಿಲ್ಲ.

"ಗೋಡೆಗೆ ಚುಚ್ಚೋ ಅಡಾಪ್ಟರ್ ಇತ್ತಲ್ಲ?"

"ಅದು ನಾಲ್ಕು ಹಲಗೆ ಹೊರುತ್ತೆ, ಅಷ್ಟೆ. ಮತ್ತೊಂದು ಇತ್ತು, ಬಳೆ ಹಾಗೆ ದುಂಡಗಿರೋದು. ಅದರಲ್ಲಿ ಗುಂಯ್ ಇನ್ನೂ ಕಡಿಮೆ. ಅಪ್ಪನಿಗೆ ಅದೇ ಬೇಕಿತ್ತು. ಇಡೀ ವಾರ ಜಗಳ ಆಡಿದ್ವಿ. ನಾನೇ ಹಟ ಮಾಡಿ ಇದನ್ನ ತಂದೆ."

"ಯಾಕೆ?"

ಹುಡುಗಿ ಸುಟ್ಟ ಟ್ರಾನ್ಸ್‌ಫಾರ್ಮರಿನ ಅಂಚಿನಲ್ಲಿ ಬೆರಳಿಟ್ಟಳು. ಕರಿಯ ಮಸಿಯ ನಡುವೆ ಒಂದು ಎಳೆ ಮಾತ್ರ ಇನ್ನೂ ಬಣ್ಣ ಉಳಿಸಿಕೊಂಡಿತ್ತು.

"ಹಸಿರು ದಾರ ಇತ್ತು ಅಜ್ಜಿ. ನಿಮ್ಮ ದಾರ."

ಆ ಕಸುಬಿನಲ್ಲಿ ಒಂದು ಪದ್ಧತಿ. ಸುರುಳಿ ಸುತ್ತಿ ಮುಗಿಸಿದವರು ಕೊನೆಯ ಎಳೆಯನ್ನು ತಮ್ಮದೇ ಬಣ್ಣದ ದಾರದಿಂದ ಕಟ್ಟುತ್ತಾರೆ. ನಾಳೆ ಮಾಲು ಕೆಟ್ಟು ವಾಪಸು ಬಂದರೆ ಯಾರ ಕೈಯದು ಎಂದು ಗೊತ್ತಾಗಬೇಕಲ್ಲ. ಇದೇ ಅಂಗಡಿಯಲ್ಲಿ ಸುರುಳಿ ಸುತ್ತುವ ಅವಳ ತಮ್ಮನದು ಕೆಂಪು. ಸುರುಳಿಯಕ್ಕನದು ಹಸಿರು. ನಲವತ್ತು ವರ್ಷದಲ್ಲಿ ಹಸಿರು ದಾರದ್ದು ಒಂದೂ ವಾಪಸು ಬಂದಿರಲಿಲ್ಲ.

"ಯಾವಾಗ ತಂದದ್ದು?"

"ನಾಲ್ಕು ತಿಂಗಳಾಯ್ತು. ನಿಮ್ಮ ತಮ್ಮನೇ ಕೊಟ್ರು. 'ನಮ್ಮಕ್ಕ ಮೊನ್ನೆ ಮೊನ್ನೆ ಸುತ್ತಿದ್ದು' ಅಂದ್ರು."

ಸುರುಳಿಯಕ್ಕ ಎರಡು ವರ್ಷದಿಂದ ಒಂದು ಎಳೆ ತಂತಿ ಮುಟ್ಟಿರಲಿಲ್ಲ. ಕಣ್ಣಿನ ಪೊರೆ ತೆಗೆಸಿದ ಮೇಲೆ ಒಂದು ಕಣ್ಣು ಮಂಜು, ಒಂದು ಕಣ್ಣು ಪರವಾಗಿಲ್ಲ. ಅಂದಿನಿಂದ ವಾರ್ನಿಶ್ ಸೋಸುವುದು, ಕಸ ಗುಡಿಸುವುದು, ಚಹಾ ಕಾಯಿಸುವುದು.

"ಆ ಸುತ್ತಿಗೆ ಕೊಡು," ಎಂದಳು.

ಬೋಲ್ಟು ಬಿಚ್ಚಿ, ಕೋರಿನ ಕಬ್ಬಿಣದ ಪಟ್ಟಿಗಳನ್ನು ಒಂದೊಂದಾಗಿ ತಟ್ಟಿ ತೆಗೆದಳು. ಮೇಲಿನ ಹೊದಿಕೆ ಕೊಯ್ದಾಗ ವಾಸನೆ ಎರಡರಷ್ಟಾಯಿತು. ಹೊರಸುತ್ತಿನ ದಪ್ಪ ತಂತಿ ಬಿಚ್ಚಿದಳು. ಕರಗಿದ ವಾರ್ನಿಶ್ ಬೆರಳಿಗೆ ಗಾಯದ ಕೀವಿನ ಹಾಗೆ ಅಂಟುತ್ತಿತ್ತು. ಪ್ರತಿ ಸುತ್ತಿಗೂ ಬಟ್ಟೆಯಲ್ಲಿ ಒರೆಸಿಕೊಳ್ಳುತ್ತಾ ಕೆಳಗೆ ಇಳಿದಳು.

"ಇಲ್ಲಿ ನೋಡಮ್ಮಾ. ಒಳಸುತ್ತಿಗೆ ಗೋಡೆಯ ಕರೆಂಟು ಬರುತ್ತೆ, ಯಮನ ಹಾಗೆ. ಹೊರಸುತ್ತಿಂದ ನಿನ್ನ ವಾದ್ಯಕ್ಕೆ ಹೋಗುತ್ತೆ, ಅಂದ್ರೆ ಮನುಷ್ಯರ ಕೈಗೆ. ಎರಡರ ನಡುವೆ ದಪ್ಪ ಹಳದಿ ಕಾಗದ ಮೂರು ಸುತ್ತು ಇರ್ಬೇಕು. ಯಮನಿಗೂ ಮನುಷ್ಯನಿಗೂ ನಡುವೆ ಇರೋ ಗೋಡೆ ಅದೊಂದೇ. ಈಗ..."

ಅವಳು ಉಳಿದ ಸುತ್ತನ್ನು ಬೆರಳಿಂದ ಸರಿಸಿದಳು.

ಹಳದಿ ಕಾಗದ ಇರಲಿಲ್ಲ. ಇದ್ದದ್ದು ಗೆರೆ ಹಾಕಿದ ನೋಟ್‌ಬುಕ್ಕಿನ ತೆಳ್ಳನೆಯ ಹಾಳೆ. ಒಂದೇ ಸುತ್ತು. ಅದೂ ಅಗಲ ಸಾಲದೆ ಪಟ್ಟಿ ಪಟ್ಟಿಯಾಗಿ ಕತ್ತರಿಸಿ ಜೋಡಿಸಿದ್ದು. ಎರಡು ಪಟ್ಟಿಗಳ ನಡುವೆ ಉಗುರಿನಷ್ಟು ಸಂದು. ಆ ಸಂದಿನಲ್ಲಿ ಒಳತಂತಿಯೂ ಹೊರತಂತಿಯೂ ಕರಗಿ ಒಂದೇ ಕರಿಯ ಮಣಿಯಾಗಿದ್ದವು.

"ಇಲ್ಲೇ," ಎಂದಳು. "ಇಲ್ಲಿ ಯಮ ದಾಟಿ ಬಂದದ್ದು. ನೀನು ಹದಿನೈದು ಆರಿಸು, ಹನ್ನೆರಡು ಆರಿಸು, ಇದು ಕೊಲ್ಲೋದೇ. ನಿನ್ನ ಲೆಕ್ಕದಲ್ಲಿ ಒಂದು ಕೂದಲೆಳೆ ತಪ್ಪಿಲ್ಲ ಮಗಾ."

ಹುಡುಗಿ ಅಳಲಿಲ್ಲ. ಗೋಡೆಗೆ ಒರಗಿ, ಒಂಬತ್ತು ದಿನದಿಂದ ಹಿಡಿದಿಟ್ಟ ಉಸಿರನ್ನು ಉದ್ದಕ್ಕೆ ಬಿಟ್ಟಳು.

"ಇದನ್ನೆಲ್ಲ ಹೀಗೇ ಕಟ್ಟಿ ಕೊಡ್ತೀನಿ. ನೇರ ಕರ್ಚೀಫು ಸಾಹೇಬರ ಕೈಗೇ ಕೊಡು. ಆ ಕರಿಯ ಮಣಿ ತೋರಿಸು. ನಾನು ತಮ್ಮನ್ನ ಒಂದು ಮಾತು ಕೇಳಿ ಬರೋ ತನಕ ಸಹಿ ಹಾಕ್ಬೇಡ. ಅವರೇನಾದ್ರೂ ಅನ್ಲಿ, ನೀನು ಕಲ್ಲು."

ಕಬ್ಬಿಣ, ತಂತಿ, ತಂತಿ ಸುತ್ತುವ ಬಾಬಿನ್, ಹಸಿರು ದಾರ ಎಲ್ಲವನ್ನೂ ಚೀಲಕ್ಕೆ ಹಾಕಿ ಕೊಟ್ಟಳು. ಕಾಗದದ ಪಟ್ಟಿಗಳನ್ನು ಮಾತ್ರ ಕೊಡಲಿಲ್ಲ. ಹುಡುಗಿ ಹೋಗುವ ತನಕ ಅಂಗೈಯಲ್ಲೇ ಮುಚ್ಚಿಟ್ಟುಕೊಂಡಿದ್ದಳು.

ಅದಕ್ಕೆ ಕಾರಣ ನಾಚಿಕೆ. ಆ ಪಟ್ಟಿಗಳ ಮೇಲೆ ಅಕ್ಷರಗಳಿದ್ದವು. ದುಂಡಗೆ, ದೂರ ದೂರ, ಮಗು ಬರೆದ ಹಾಗೆ. ಅವು ಅವಳದೇ ಅಕ್ಷರ.

ಒಬ್ಬಳೇ ಆದ ಮೇಲೆ ಪಟ್ಟಿಗಳನ್ನು ಬಿಡಿಸಿ ಭೂತಗನ್ನಡಿ ಹಿಡಿದಳು. ಮಸಿ, ವಾರ್ನಿಶ್, ಅಂಚಿನಲ್ಲಿ ಅಲ್ಲಲ್ಲಿ ನೇರಳೆ ಕಲೆ. ನಡುವೆ ಮುರಿದ ಸಾಲುಗಳು. '...ಚಿಕ್ಕ ಕೋರಿನಲ್ಲಿ ಜಾಗ ಸಾಲದೆಂದು ಮಧ್ಯದ ಕಾಗದ ಹಾಕದೆ...' '...ನನ್ನ ಸ್ವಂತ ತಮ್ಮನಾದರೂ...' '...ಯಾರಾದರೂ ಸಾಯುವ ಮುಂಚೆ ದಯಮಾಡಿ ಬಂದು ನೋಡಿ...'

ಎರಡು ವರ್ಷದ ಹಿಂದೆ ಅವಳೇ ಬರೆದ ಕಾಗದ! ಕಣ್ಣಿನ ಆಪರೇಷನ್ನಿನ ಹಿಂದಿನ ದಿನ ಬರೆದದ್ದು. ವಿಳಾಸ ಗೊತ್ತಿದ್ದದ್ದು ಒಂದೇ, ಗೋಡೆಯ ಪರವಾನಗಿಯಲ್ಲಿದ್ದ ಕರ್ಚೀಫು ಸಾಹೇಬರ ಕಚೇರಿಯದು. ಮಾರನೆಯ ದಿನ ಕಣ್ಣಿಗೆ ಪಟ್ಟಿ ಬಿತ್ತು, ಹೊರಗೆ ಹೋಗುವಂತಿಲ್ಲ. ಬೇರೆ ದಾರಿ ಕಾಣದೆ, ಅಂಟಿಸಿದ ಲಕೋಟೆಯನ್ನು ತಮ್ಮನ ಕೈಗೇ ಕೊಟ್ಟು, "ನನ್ನ ವೃದ್ಧಾಪ್ಯ ವೇತನದ ಅರ್ಜಿ ಕಣೋ, ಪೋಸ್ಟ್ ಮಾಡು" ಎಂದಿದ್ದಳು. ಕಳ್ಳನ ಕೈಗೇ ಬೀಗದ ಕೈ.

ಆರು ತಿಂಗಳು ಉತ್ತರ ಬರಲಿಲ್ಲ. ಆಗ ಎರಡನೆಯ ಕಾಗದ ಬರೆದಳು. ಈ ಸಲ ವಿಳಾಸ ಹುಡುಕಿಸಿ, ಸಾಹೇಬರಿಗಿಂತ ಮೇಲಿನ ಕಚೇರಿಯ ಮುಖ್ಯ ಅಧಿಕಾರಿಗೇ. ಅಂಚೆಚೀಟಿ ಹಚ್ಚಿದಳು. ಅಂಚೆ ಡಬ್ಬಕ್ಕೆ ಹಾಕುವ ದಿನವೇ ತಮ್ಮ ಹಳದಿ ಕಾಗದದ ಹೊಸ ಉರುಳೆ ತಂದು ಕಣ್ಣ ಮುಂದೆ ಹಿಡಿದ. "ನೋಡಕ್ಕ, ನೀನು ಹೇಳಿದ ಹಾಗೇ. ಇನ್ನು ಮೇಲೆ ಮೂರು ಸುತ್ತು." ಅವಳು ನಂಬಿದಳು. ನಂಬುವುದು ಸುಲಭವಾಗಿತ್ತು. ಎರಡನೆಯ ಕಾಗದ ಅಂದಿನಿಂದ ಅವಳ ಕೈಚೀಲದ ಅಸ್ತರಿನೊಳಗೇ ಕೂತಿತ್ತು, ಒಂದೂವರೆ ವರ್ಷ.

ಅದನ್ನು ಹಾಕಿಬಿಟ್ಟಿದ್ದರೆ ಮೇಷ್ಟ್ರು ಈ ಹೊತ್ತು ಹಲಗೆಗಳ ಮುಂದೆ ಕೂತು ಗುಂಯ್ ಎಲ್ಲಿಂದ ಬಂತೆಂದು ಹುಡುಕುತ್ತಿದ್ದರು. ಅವಳು ಪಟ್ಟಿಗಳನ್ನು ಬಟ್ಟೆಯಡಿ ಮುಚ್ಚಿ, ಬಾಗಿಲ ಕಡೆ ಮುಖ ಮಾಡಿ ಕೂತಳು.

ತಮ್ಮ ಬಂದಾಗ ಮೂರೂಕಾಲು. ಬಂದವನೇ ಮೂಗು ಮುಚ್ಚಿಕೊಂಡ.

"ಏನಕ್ಕ ಇದು, ಹೆಣ ಸುಟ್ಟ ವಾಸನೆ?"

"ಹೆಣದ್ದೇ. ಕೂತ್ಕೋ."

ಅವನು ಕೂತು, ಜೇಬಿನಿಂದ ಬೇಯಿಸಿದ ಮೊಟ್ಟೆ ತೆಗೆದು ಮೇಜಿನ ಅಂಚಿಗೆ ತಟ್ಟಿದ. ವಾರ್ನಿಶ್ ಬೆರಳಿನಲ್ಲೇ ಸಿಪ್ಪೆ ಸುಲಿಯತೊಡಗಿದ. ಬಿಳಿಯ ಮೈಮೇಲೆ ಕಂದು ಬೆರಳಚ್ಚುಗಳು ಮೂಡಿದವು. ಒಂದೇ ಸಲಕ್ಕೆ ಅರ್ಧ ಕಚ್ಚಿದ.

"ಮೇಷ್ಟ್ರ ಪೆಟ್ಟಿಗೇಲಿ ಇದ್ದದ್ದಕ್ಕೆ ಹಸಿರು ದಾರ ಇತ್ತು," ಎಂದಳು.

"ಇರುತ್ತೆ. ಗಿರಾಕಿಗಳು ಬಂದು ಹಸಿರು ದಾರದ್ದೇ ಕೊಡಿ ಅಂತಾರೆ. ನೀನು ಕೈ ಬಿಟ್ಟು ಕೂತೆ. ನಾನೇನು ಮಾಡ್ಲಿ? ದಾರ ತಾನೇ ಅಕ್ಕ? ಒಂದು ಉಂಡೆ ದಾರ."

"ಹಳದಿ ಕಾಗದ ಇರ್ಲಿಲ್ಲ."

"ಎರಡು ಆಂಪಿಯರಿನ ತಂತಿ ಚಿಕ್ಕ ಕೋರಿಗೆ ತುಂಬ್ಬೇಕು. ದಪ್ಪ ಕಾಗದ ಮೂರು ಸುತ್ತು ಹಾಕಿದ್ರೆ ಕಬ್ಬಿಣದ ಪಟ್ಟಿ ಒಳಗೆ ಹೋಗಲ್ಲ. ತೆಳ್ಳಗಿಂದು ಒಂದು ಸುತ್ತು ಸಾಕು. ಎಲ್ಲರೂ ಹಾಗೇ ಮಾಡೋದು."

"ಆ ಉರುಳೆ?"

"ಯಾವುದು? ಓ, ಅದಾ. ಅದು ನಿನಗೆ ತೋರಿಸೋಕೆ ತಂದದ್ದು." ಅವನು ನಕ್ಕ. ಹಲ್ಲಿನ ಸಂದಿನಲ್ಲಿ ಹಳದಿ ಪುಡಿ ಕಾಣಿಸಿತು.

ಸುರುಳಿಯಕ್ಕ ಕಾಗದದ ಪಟ್ಟಿಗಳನ್ನು ಒಂದೊಂದಾಗಿ ಅವನ ಮುಂದೆ ಇಟ್ಟಳು. ಅಗಿಯುತ್ತಿದ್ದ ದವಡೆ ನಿಂತಿತು.

"ಯಾರ ಅಕ್ಷರ ಇದು?" ಎಂದಳು.

"ಗೊತ್ತಿದ್ದೂ ಯಾಕೆ ಕೇಳ್ತೀಯ?" ಅವನ ದನಿ ಬದಲಾಯಿತು. "ಒಡಹುಟ್ಟಿದವನನ್ನ ಜೈಲಿಗೆ ಕಳಿಸೋ ಕಾಗದ. ಅದನ್ನ ನನ್ನ ಕೈಯಲ್ಲೇ ಪೋಸ್ಟ್ ಮಾಡಿಸ್ದೆ. ನಿನ್ನಂಥ ಅಕ್ಕ ಶತ್ರುವಿಗೂ ಬೇಡ."

"ಒಡೆದು ಓದ್ದೆ."

"ಒಡೀಲಿಲ್ಲ. ಪೋಸ್ಟ್ ಮಾಡ್ದೆ."

"ಮತ್ತೆ ಇದು ರೆಕ್ಕೆ ಕಟ್ಕೊಂಡು ಹಾರಿ ಬಂದು ನಿನ್ನ ಬಾಬಿನ್ನಿಗೆ ಸುತ್ಕೊಳ್ತಾ?"

ತಮ್ಮ ಎದೆ ಮುಟ್ಟಿಕೊಂಡ. "ಅಮ್ಮನ ಆಣೆ ಅಕ್ಕ. ಡಬ್ಬಕ್ಕೆ ಹಾಕಿದ್ದೆ. ಒಳಗೇನಿದೆ ಅಂತಾನೂ ಆಗ ನನಗೆ ಗೊತ್ತಿರ್ಲಿಲ್ಲ. ಆಮೇಲಿನದ್ದು ಕೇಳ್ಬೇಡ. ನಿನಗೇ ಒಳ್ಳೇದಲ್ಲ."

"ಸತ್ತು ಮಣ್ಣಾದ ಅಮ್ಮನ್ನ ಯಾಕೆ ಎಬ್ಬಿಸ್ತೀಯೋ? ನೀನು ಹುಟ್ಟಿದಾಗಿಂದ ನೋಡಿದೀನಿ. ನಿನ್ನ ಬಾಯಲ್ಲಿ ನಿಜ ಅನ್ನೋದು ಹಲ್ಲಿಗೆ ಸಿಕ್ಕಿದ ಕಲ್ಲು, ಉಗಿದೇ ಬಿಡ್ತೀಯ."

"ನಂಬೋದಾದ್ರೆ ನಂಬು." ಅವನು ಉಳಿದರ್ಧ ಮೊಟ್ಟೆಯನ್ನು ಮಸಿ ಬಿದ್ದ ಮೇಜಿನ ಮೇಲಿಟ್ಟು, ಬಗ್ಗಿ ಮೆಲ್ಲಗೆ ಹೇಳಿದ, "ಆ ಹುಡುಗಿ ಸಹಿ ಹಾಕ್ಲಿ ಬಿಡಕ್ಕ. ಹೋದವರು ಬರ್ತಾರಾ? ಅವಳಿಗೇನೂ ಆಗಲ್ಲ, ಸಾಹೇಬ್ರು ನೋಡ್ಕೋತಾರೆ. ನೀನು ಕೆದಕಿದ್ರೆ ಏನಾಗುತ್ತೆ ಗೊತ್ತಾ? ದಾರ ನಿನ್ನದು. ಅಕ್ಷರ ನಿನ್ನದು. ಸುತ್ತಿದ್ದು ಯಾರು ಅಂತಾರೆ ಜನ?"

ಸುರುಳಿಯಕ್ಕ ಒಂದು ಪಟ್ಟಿಯ ಮೇಲೆ ಬೆರಳಿಟ್ಟಳು. "ಇಲ್ಲಿ ತಾರೀಖಿದೆ, ಓದು. ಮಾರನೇ ದಿನ ನನ್ನ ಕಣ್ಣಿಗೆ ಪಟ್ಟಿ ಬಿತ್ತು. ಆಮೇಲೆ ನಾನು ಒಂದು ಎಳೆ ಸುತ್ತಿಲ್ಲ ಅಂತ ಕಣ್ಣಿನ ಡಾಕ್ಟರಿಂದ ಹಿಡಿದು ಚಹಾದ ಅಂಗಡಿಯವರ ತನಕ ಎಲ್ಲರಿಗೂ ಗೊತ್ತು. ಈ ಕಾಗದ ಬರೆಯೋಕೆ ಮುಂಚೆ ಈ ಟ್ರಾನ್ಸ್‌ಫಾರ್ಮರ್ ಹುಟ್ಟೋಕೆ ಸಾಧ್ಯ ಇಲ್ಲ. ಎಲ್ಲ ಕಾಗದ ಬಿಟ್ಟು ಇದನ್ನೇ ಕತ್ತರಿಸಿ ಹಾಕಿದ್ಯಲ್ಲ, ಅಷ್ಟೊಂದು ಹಗೆನಾ ನಿನಗೆ?"

ಅವನ ಕೈ ಹಾವಿನ ಹಾಗೆ ಮುಂದೆ ಬಂತು.

ಪಟ್ಟಿಗಳಿಗಿಂತ ಹತ್ತಿರ ಇದ್ದದ್ದು ತಗಡಿನ ಡಬ್ಬ. ಸುರುಳಿಯಕ್ಕ ಅದನ್ನೆತ್ತಿ ಅವನ ಕೈಮೇಲೆ ಮಗುಚಿದಳು. ಅಂಟು ಕೆನೆ, ಕಡ್ಡಿ, ಆರು ಸತ್ತ ಜಿರಲೆ. ಏಳನೆಯದು ಅವನ ಮೊಣಕೈ ಹತ್ತಿತು. ತಮ್ಮ ಕಿರುಚಿ, ಕೈ ಕೊಡವುತ್ತಾ ನಲ್ಲಿಯ ಕಡೆಗೆ ಓಡಿದ. ಅವನು ಮುಖ ತಿರುಗಿಸುವಷ್ಟರಲ್ಲಿ ಪಟ್ಟಿಗಳು ಅವಳ ಕೈಚೀಲದಲ್ಲಿದ್ದವು, ಅವಳು ಬೀದಿಯಲ್ಲಿದ್ದಳು.

ಕರ್ಚೀಫು ಸಾಹೇಬರ ಕಚೇರಿ ನಾಲ್ಕು ಬೀದಿ ಆಚೆ, ಎರಡನೆಯ ಮಹಡಿ. ಎದುರಿಗೇ ಅಂಚೆ ಕಚೇರಿ. ಸುರುಳಿಯಕ್ಕ ತಲುಪಿದಾಗ ನಾಲ್ಕಕ್ಕೆ ಇನ್ನೂ ಒಂದೆರಡು ನಿಮಿಷ ಇತ್ತು. ಏದುಸಿರು ಇಳಿಯಲೆಂದು ಕೆಳಗಿನ ಮೆಟ್ಟಿಲ ಮೇಲೆ ಕೂತಳು. ಸಾಹೇಬರ ಮುಂದೆ ಚಿಂದಿ ಹರಡಬಾರದು, ಓದುವ ಹಾಗೆ ಜೋಡಿಸಿಕೊಡೋಣ ಎಂದು ಪಟ್ಟಿಗಳನ್ನು ತೊಡೆಯ ಮೇಲೆ ಸಾಲಾಗಿ ಹಚ್ಚತೊಡಗಿದಳು. ಓರೆಯಾಗಿ ಬೀಳುವ ಬಿಸಿಲು, ಒಳ್ಳೆಯ ಬೆಳಕು.

ಮೊದಲ ಪಟ್ಟಿಯ ಅಂಚಿಗೆ ಎರಡನೆಯದು ಕೂಡಿತು. ನೇರಳೆ ಕಲೆಗೆ ನೇರಳೆ ಕಲೆ ಸೇರಿತು. ಸುಟ್ಟ ಕಲೆ ಎಂದುಕೊಂಡಿದ್ದಳು. ಬೆರಳಿಗೆ ಉಗುಳು ಹಚ್ಚಿ ಮಸಿ ಒರೆಸಿದಳು.

ಸುಟ್ಟ ಕಲೆ ಇಷ್ಟು ದುಂಡಗಿರುವುದಿಲ್ಲ.

ಅರ್ಧ ಚಂದ್ರಕ್ಕೆ ಅರ್ಧ ಚಂದ್ರ ಕೂಡಿ ಪೂರಾ ವೃತ್ತ. ನಡುವೆ ಮಿಂಚಿನ ಗೆರೆ. ಮೂವತ್ತು ವರ್ಷ ಗೋಡೆಯ ಮೇಲೆ ಕಂಡ ಅದೇ ಮುದ್ರೆ. ಕೆಳಗೆ 'ಸ್ವೀಕರಿಸಲಾಗಿದೆ'. ತಾರೀಖು ಅವಳು ಬರೆದ ನಾಲ್ಕನೆಯ ದಿನದ್ದು.

ಅಮ್ಮನ ಆಣೆ ಅಕ್ಕ, ಡಬ್ಬಕ್ಕೆ ಹಾಕಿದ್ದೆ.

ಜನ್ಮದಲ್ಲಿ ಒಂದು ಸಲ ತಮ್ಮ ನಿಜ ಹೇಳಿದ್ದ. ಕಾಗದ ಪೋಸ್ಟಾಗಿತ್ತು. ತಲುಪಿತ್ತು. ಮೇಲಿನ ಮಹಡಿಯಲ್ಲಿ ಅದನ್ನು ಒಡೆದು, ಓದಿ, ಮುದ್ರೆ ಒತ್ತಿ, ಯಾರ ಮೇಲೆ ದೂರಿತ್ತೋ ಅವನನ್ನೇ ಕರೆಸಿ ಅವನ ಕೈಗೇ ಕೊಟ್ಟಿದ್ದರು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಕೊಟ್ಟ ಮೇಲೆ ಬೆರಳು ಬೆರಳು ಬಿಡಿಸಿ ಕರ್ಚೀಫಿನಲ್ಲಿ ಒರೆಸಿಕೊಂಡಿದ್ದರು, ಅನುಮಾನವೇ ಬೇಡ. 'ದೂರ ಬಿಸಾಕಿಬಿಡು ಮಗು' ಅಂದದ್ದು ಮಗುವಿನ ಮೇಲಿನ ಮರುಕಕ್ಕಲ್ಲ.

ಸುರುಳಿಯಕ್ಕ ಚೂರುಗಳನ್ನು ಅಂಗೈಯಿಂದ ಮುಚ್ಚಿದಳು.

ತಾನೇ, ಈ ಕೈಯಾರೆ, ಸುಟ್ಟ ಟ್ರಾನ್ಸ್‌ಫಾರ್ಮರನ್ನು ಕಟ್ಟಿ, ಹುಡುಗಿಯ ಕೈಗೆ ಕೊಟ್ಟು, ಅಲ್ಲಿಗೇ ಕಳಿಸಿದ್ದಳು. ಉಳಿದ ಸಾಕ್ಷಿ ತೊಡೆಯ ಮೇಲಿನ ಈ ನಾಲ್ಕು ಚೂರು.

ಮೇಲೆ ಓಡಲೇ? ಓಡಿದರೆ ಚೂರುಗಳೂ ಅಲ್ಲೇ ಹೋಗುತ್ತವೆ. ಅತ್ತರಿನ ಕೈ ಚಾಚಿ, ಕೊಡಿ ಅಮ್ಮಾ ನೋಡೋಣ ಅನ್ನುತ್ತಾರೆ. ಅವಳು ಎದ್ದು ರಸ್ತೆ ದಾಟಿದಳು.

ಅಂಚೆ ಕಚೇರಿಯ ಗುಮಾಸ್ತೆ ಚೀಲ ಕಟ್ಟುವ ಆತುರದಲ್ಲಿದ್ದಳು.

"ಬೇಗ ಅಜ್ಜಿ, ಬಂಡಿ ಬರೋ ಹೊತ್ತು."

ಸುರುಳಿಯಕ್ಕ ಕೈಚೀಲದ ಅಸ್ತರು ಹರಿದು, ಮುಖ್ಯ ಅಧಿಕಾರಿಗೆ ಬರೆದ ಎರಡನೆಯ ಕಾಗದ ಹೊರತೆಗೆದಳು. ಲಕೋಟೆಯ ಅಂಚು ಸೀಳಿ, ನಾಲ್ಕು ಚೂರುಗಳನ್ನೂ ಒಳಗಿಟ್ಟಳು. ಕಟ್ಟೆಯ ಮೇಲೊಂದು ಅಂಟಿನ ಕುಡಿಕೆ ಇತ್ತು. ಅದರಲ್ಲಿ ಸತ್ತ ಇರುವೆ, ಯಾರದೋ ಕೂದಲು. ಎಲ್ಲ ಕಡೆಯೂ ಇದೇ ಅಂಟು ಎಂದುಕೊಂಡು ಬೆರಳು ಅದ್ದಿ ಲಕೋಟೆಯ ಬಾಯಿ ಮುಚ್ಚಿದಳು.

"ಏನಜ್ಜಿ ಇದು, ಚೀಟಿ ಹಳದಿ ತಿರುಗಿದೆ! ಯಾವ ಕಾಲದ್ದು?"

"ಒಂದೂವರೆ ವರ್ಷದ್ದು."

"ದೇವರೇ. ಇಷ್ಟು ದಿನ ಎಲ್ಲಿತ್ತು?"

"ಹೇಡಿ ಒಬ್ಬಳ ಹತ್ರ. ನೀನು ರಿಜಿಸ್ಟರ್ ಮಾಡಮ್ಮಾ."

"ಕಳಿಸಿದವರು ಅಂತ ಯಾರ ಹೆಸರು ಬರೀಲಿ?"

"ನನ್ನದೇ. ಪೂರ್ತಿ ಬರಿ. ಕೆಲಸ, ಹಸಿರು ದಾರ ಅಂತಾನೂ ಬರಿ."

"ಅಂಥ ಕಾಲಮ್ಮು ಇಲ್ಲಜ್ಜಿ."

"ಇಲ್ದಿದ್ರೆ ಸಂದೀಲಿ ಬರಿ."

ಗುಮಾಸ್ತೆ ನಗುತ್ತಾ ಎರಡು ಹೊಸ ಚೀಟಿ ಹಚ್ಚಿದಳು. ಗೋಡೆಯ ಗಡಿಯಾರ ನಾಲ್ಕೂ ಹತ್ತು ತೋರಿಸುತ್ತಿತ್ತು. ಸುರುಳಿಯಕ್ಕ ಬಾಗಿಲ ಕಡೆಗೆ ತಿರುಗಿ, ರಸ್ತೆಯಾಚೆಯ ಎರಡನೆಯ ಮಹಡಿಗೆ ಕಣ್ಣು ಕಿರಿದು ಮಾಡಿದಳು. ಮಂಜಿಲ್ಲದ ಒಂದು ಕಣ್ಣಿಗೆ ಅಷ್ಟು ಕಂಡಿತು. ಕಿಟಕಿಯ ಹತ್ತಿರ ಹುಡುಗಿ ಕೂತಿದ್ದಾಳೆ. ಬೆನ್ನು ನೆಟ್ಟಗಿದೆ, ಕಲ್ಲಿನ ಹಾಗೆ. ಅವಳ ಮಡಿಲಲ್ಲಿ ಬಟ್ಟೆಯ ಚೀಲ ಇಲ್ಲ. ಎದುರಿಗೆ ನಿಂತವರ ಕೈಯಲ್ಲಿ ಬಿಳಿಯ ಕರ್ಚೀಫು. ಆ ಕೈ ಹುಡುಗಿಯ ಮುಂದೆ ಪೆನ್ನೊಂದನ್ನು ಇಟ್ಟಿತು. ಆಮೇಲೆ ಕಿಟಕಿಗೆ ಬಂದು, ಪರದೆಯನ್ನು ನಿಧಾನವಾಗಿ ಎಳೆಯಿತು.

ಬೆನ್ನ ಹಿಂದೆ ಠಪ್ ಎಂದು ಅಂಚೆಯ ಮುದ್ರೆ ಬಿತ್ತು. ಲಕೋಟೆ ಚೀಲದೊಳಕ್ಕೆ ಜಾರಿತು.